ಜಾರದ ಬೂಟು

ಕೊರಿಯಾದ ಬೂಸಾನ್ ನಗರದ ಮೀನುಮಾರುಕಟ್ಟೆಯ ಮಹಿಳಾ ಸಂಘಕ್ಕೆ ಜಾರದ ಬೂಟು ಮಾರಲೆಂದು ಕಂಪನಿ ಹ್ಯೆರಿಮ್‌ಳನ್ನು ಕಳಿಸಿತ್ತು. ಅವಳು ಸಿದ್ಧಪಡಿಸಿದ್ದ ಮೂವತ್ತು ಸ್ಲೈಡುಗಳಲ್ಲಿ ಮೂರನೆಯದಕ್ಕೇ ಸಂಘದ ಅಧ್ಯಕ್ಷೆ, ಎಪ್ಪತ್ತು ದಾಟಿದ ಮಾಲ್‌ಸುನ್ ಆಕಳಿಸಿದರು.

"ಏನಮ್ಮಾ, ಈ ಗೆರೆ ಬಣ್ಣ ಎಲ್ಲ ಕಟ್ಕೊಂಡು ನಮಗೇನಾಗ್ಬೇಕು? ಹೋದ ವರ್ಷ ಬಿದ್ದು ಸೊಂಟ ಉಳುಕಿಸ್ಕೊಂಡಾಗ್ಲೂ ನಾನು ಹಾಕಿದ್ದು ಜಾರದ ಬೂಟೇ!"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಹ್ಯೆರಿಮ್ ಕೂಡ ನಕ್ಕಳು. ಇಷ್ಟು ಹೊತ್ತು ತಾನು ರಬ್ಬರಿನ ಗುಣಗಾನ ಮಾಡುತ್ತಿದ್ದೆ, ಇವರ ಚಿಂತೆಯೆಲ್ಲ ಸೊಂಟದ್ದು ಎಂದು ಅವಳಿಗೆ ಹೊಳೆಯಿತು. ಲ್ಯಾಪ್‌ಟಾಪ್ ಮುಚ್ಚಿದಳು.

"ನಡೀರಿ ಅಜ್ಜಿ, ನಿಮ್ಮ ಅಂಗಡಿಗೇ ಹೋಗೋಣ."

ಅಲ್ಲಿ ಹಾವುಮೀನು ಸೀಳಿದ ನೆಲ ಲೋಳೆಯಿಂದ ಹೊಳೆಯುತ್ತಿತ್ತು. ಹ್ಯೆರಿಮ್ ತಾನು ತಂದಿದ್ದ ಬೂಟು ಹಾಕಿಕೊಂಡು ಅದರ ನಟ್ಟನಡುವೆ ನಿಂತಳು.

"ಈಗ ತಳ್ಳಿ ನೋಡಿ."

"ಬಿದ್ರೆ ನನ್ನ ಬಯ್ಯಂಗಿಲ್ಲ."

"ಬಿದ್ರೆ ಮತ್ತೆ ಈ ಕಡೆ ತಲೆ ಹಾಕಲ್ಲ, ಅಜ್ಜಿ."

ಮಾಲ್‌ಸುನ್ ಎರಡೂ ಕೈಯಿಂದ ನೂಕಿದರು. ಪಕ್ಕದಂಗಡಿಯವಳೂ ಕೈಜೋಡಿಸಿದಳು. ಹ್ಯೆರಿಮ್‌ಳ ಮೈ ಓಲಾಡಿತು, ಪಾದ ಕದಲಲಿಲ್ಲ.

ಮಾಲ್‌ಸುನ್ ಏದುಸಿರು ಬಿಡುತ್ತ ಬುಟ್ಟಿಯ ಮೇಲೆ ಕುಳಿತು ತಮ್ಮ ಬೂಟು ಕಳಚಿದರು.

"ಬಿಚ್ಚೇ ಅದನ್ನ. ನಾನು ಹಾಕ್ಕೊಂಡು ನೋಡ್ಬೇಕು."

ಸ್ವಲ್ಪ ಹೊತ್ತಿನಲ್ಲೇ ಹ್ಯೆರಿಮ್ ಬರಿಯ ಕಾಲುಚೀಲದಲ್ಲಿ ಗೋಡೆಗೊರಗಿ, ಸಂಘದ ಮೂವತ್ತೆಂಟು ಹೆಂಗಸರ ಪಾದದ ಅಳತೆ ಬರೆದುಕೊಳ್ಳುತ್ತಿದ್ದಳು.