ನಾನೇ ಕೊಟ್ಟುಕೊಂಡ ಬಿರುದು

ನಮ್ಮಮ್ಮನ ಪ್ರಕಾರ ಹ್ಯಾಕರ್ ಅಂದರೆ ಬ್ಯಾಂಕಿಗೆ ಕನ್ನ ಹಾಕುವವನು. ಹಾಗಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಪ್ರೋಗ್ರಾಮ್ ಬರೆಯುವವರ ನಡುವೆ ಅದು ಮರ್ಯಾದೆಯ ಮಾತು. ಕಗ್ಗಂಟು ಬಿಡಿಸಿ, ಬಿಡಿಸಿದ್ದನ್ನು ಎಲ್ಲರಿಗೂ ಪುಕ್ಕಟೆ ಕೊಡುವವರನ್ನು ಹಾಗೆ ಕರೆಯುತ್ತಾರೆ. ಬೇರೆಯವರು ಕರೆಯಬೇಕು, ತಾನೇ ಕರೆದುಕೊಳ್ಳುವಂತಿಲ್ಲ. ಈ ಕೊನೆಯ ವಿಷಯ ನನಗೆ ಗೊತ್ತಿರಲಿಲ್ಲ.

ನನ್ನ ಅಕ್ಕನಿಗೆ ಕಣ್ಣು ಕಾಣಿಸುವುದಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ಜನರ ದೂರುಗಳನ್ನು ಫೋನಿನಲ್ಲಿ ಕೇಳಿ ಕಂಪ್ಯೂಟರಿಗೆ ಹಾಕುವುದು ಅವಳ ಕೆಲಸ. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಉಚಿತ ಪ್ರೋಗ್ರಾಮ್ ಒಂದಿದೆ, ಅವಳಿಗೆ ಅದೇ ಆಸರೆ. ಅದನ್ನು ಅವಳು ಓಡಿಸುವ ವೇಗಕ್ಕೆ ನನ್ನ ಕಿವಿಗೆ ಬರೀ ಗುಂಯ್ ಅನ್ನುತ್ತದೆ. ಮಾನಿಟರನ್ನಂತೂ ಹಚ್ಚುವುದೇ ಇಲ್ಲ. "ಕರೆಂಟು ದಂಡ" ಅನ್ನುತ್ತಾಳೆ.

ಕಚೇರಿಗೆ ಹೊಸ ಸಾಫ್ಟ್‌ವೇರ್ ಬಂತು. ಅದನ್ನು ಮನೆಯಿಂದಲೂ ಬಳಸಬಹುದಿತ್ತು. ಆದರೆ ಅದರಲ್ಲಿ ಹೊಸ ಪುಟ ತೆರೆದಾಗಲೆಲ್ಲ ಅಕ್ಕನ ಪ್ರೋಗ್ರಾಮಿನ ಬಾಯಿಗೆ ಬೀಗ. ಮೇಲ್ವಿಚಾರಕರು ಬಯ್ಯಲಿಲ್ಲ. "ತಿಂಗಳ ಕೊನೆಯೊಳಗೆ ಸರಿಹೋಗದಿದ್ರೆ ಬಾಗಿಲ ಹತ್ರದ ಕುರ್ಚೀಲಿ ಕೂತ್ಕೊಳ್ಳಿ ಅಮ್ಮ. ಅಲ್ಲಿ ಏನೂ ಕೆಲಸ ಇರಲ್ಲ, ಆರಾಮಾಗಿರಬಹುದು" ಎಂದರು.

ಅಕ್ಕ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಹೇಳಿದಳು: "ನನ್ನನ್ನ ಹೂದಾನಿ ಮಾಡ್ತಾರಂತೆ ಕಣೇ."

ನನಗೆ ಮೈಯೆಲ್ಲ ಉರಿಯಿತು. ಅಕ್ಕನ ಪ್ರೋಗ್ರಾಮಿನ ಕೋಡ್ ಯಾರು ಬೇಕಾದರೂ ಬಿಚ್ಚಿ ನೋಡಬಹುದಿತ್ತು, ಬಿಚ್ಚಿದೆ. ಪುಟ ತುಂಬುವ ಮುಂಚೆಯೇ ಅದು ಓದಲು ನುಗ್ಗುತ್ತಿತ್ತು. ಏನೂ ಸಿಗದೆ ಸುಮ್ಮನಾಗಿಬಿಡುತ್ತಿತ್ತು. ಓದುವ ಮುಂಚೆ ಚೂರು ಕಾಯುವಂತೆ ಒಂದು ಸಾಲು ಸೇರಿಸಿದೆ, ಮಾತಾಡಿತು. ಹಿಗ್ಗಿ ಹೀರೇಕಾಯಿಯಾಗಿ, ಪ್ರೋಗ್ರಾಮನ್ನು ನೋಡಿಕೊಳ್ಳುವ ಗುಂಪಿಗೆ ತಿದ್ದುಪಡಿ ಕಳಿಸಿದೆ. ನನ್ನ ಹೆಸರಿನ ಕೆಳಗೆ "ಹ್ಯಾಕರ್" ಎಂದೂ ಬರೆದೆ.

ಆ ಗುಂಪಿನ ಹಿರಿಯರನ್ನು ಎಲ್ಲರೂ ತಾತ ಎನ್ನುತ್ತಾರೆ. ಮುಖ ನೋಡಿದವರು ಯಾರೂ ಇಲ್ಲ. ತಾತನ ಉತ್ತರ ಎಲ್ಲರಿಗೂ ಕಾಣುವಂತೆ ಬಂತು: "ಅಷ್ಟು ಹೊತ್ತು ಕಾದರೆ ಸಾಕು ಅಂತ ನಿಮಗೆ ಯಾರು ಹೇಳಿದ್ದು? ಹ್ಯಾಕರ್ ಅಂತ ಯಾರು ಹೇಳಿದ್ದು?"

ಅಕ್ಕ ಸಮಾಧಾನ ಮಾಡಿಯಾಳು ಎಂದುಕೊಂಡರೆ ಅವಳೂ ತಾತನ ಕಡೆಗೇ ಸೇರಿದಳು. "ನೀನು ತಿದ್ದಿದ್ದನ್ನ ಕಚೇರೀಲಿ ಹಾಕಿ ನೋಡ್ದೆ, ಪ್ರತಿ ಪುಟಕ್ಕೂ ಬಿಕ್ಕುತ್ತೆ ಕಣೇ. ಫೋನಲ್ಲಿರೋರು 'ಹಲೋ, ಇದೀರಾ' ಅಂತಾರೆ."

"ನನಗೆ ಕೇಳಿಸಲ್ಲ."

"ನಿನಗೆ ಕೇಳಿಸಲ್ಲ ಅಂದ್ರೆ ಇಲ್ಲ ಅಂತಾನಾ?"

ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಕಾಯುವ ಸಾಲನ್ನು ಕಿತ್ತೆಸೆದು ಮೊದಲಿಂದ ಕೂತೆ. ತುಂಬಿದ ಕೂಡಲೇ ಪುಟವೇ ಒಂದು ಸೂಚನೆ ಕಳಿಸುತ್ತದೆ. ನಮ್ಮ ಪ್ರೋಗ್ರಾಮ್ ಅದಕ್ಕೆ ಕಿವಿಗೊಡುತ್ತಲೇ ಇರಲಿಲ್ಲ. ಕಿವಿಗೊಡುವಂತೆ ಮಾಡಲು ಹೋದರೆ ಇನ್ನೆಲ್ಲೋ ಕೆಟ್ಟಿತು. ಅಕ್ಕ ಪಕ್ಕದಲ್ಲಿ ಕೂತು "ಇಲ್ಲಿ ಬಿಕ್ತು" ಅನ್ನುವುದು, ನಾನು ಬಿಚ್ಚಿ ಕಟ್ಟುವುದು, ಇದೇ ನಡೆಯಿತು. ಕಳಿಸಿದ್ದನ್ನೆಲ್ಲ ತಾತ ವಾಪಸ್ ಕಳಿಸಿದರು. ಪರೀಕ್ಷಿಸಿದ್ದು ಹೇಗೆ, ಮುಂದೆ ಬರುವವರಿಗೆ ವಿವರಣೆ ಎಲ್ಲಿ, ಬರೀ ಇದೇ. ಹಲ್ಲು ಕಚ್ಚಿಕೊಂಡು ಎಲ್ಲವನ್ನೂ ಬರೆದೆ. ಹೆಸರಿನ ಕೆಳಗೆ ಏನೂ ಬರೆಯಲಿಲ್ಲ. ತಿಂಗಳು ಮುಗಿಯುವ ಹೊತ್ತಿಗೆ ತಾತನಿಂದ ಒಂದೇ ಪದ ಬಂತು: "ಸೇರಿಸಿದೆ." ನನ್ನ ತಿದ್ದುಪಡಿ ಈಗ ಎಲ್ಲರ ಪ್ರೋಗ್ರಾಮಿನಲ್ಲೂ ಇತ್ತು.

ಮರುದಿನ ಮೇಲ್ವಿಚಾರಕರು ಅಕ್ಕನ ಹಿಂದೆ ನಿಂತು ನೋಡಿದರಂತೆ. ದೂರಿನ ಮೇಲೆ ದೂರು, ಎಲ್ಲೂ ತಡವರಿಸಲಿಲ್ಲ. "ಆ ಕುರ್ಚಿ ಮೇಲೆ ಒಂದು ಹೂದಾನಿ ಇಡಿ ಸಾರ್" ಎಂದಳಂತೆ ಅಕ್ಕ. ನಾನು ನಕ್ಕೂ ನಕ್ಕೂ ಅತ್ತುಬಿಟ್ಟೆ.

ಆಮೇಲೊಂದು ರಜೆಯ ಮಧ್ಯಾಹ್ನ ಅಕ್ಕ ಗುಂಪಿನ ಸಂದೇಶಗಳನ್ನು ಕೇಳುತ್ತಿದ್ದಳು. ಮಾನಿಟರ್ ಎಂದಿನಂತೆ ಕಪ್ಪಗಿತ್ತು. ಗುಂಯ್ ಎನ್ನುತ್ತಿದ್ದುದನ್ನು ತಟ್ಟನೆ ನಿಲ್ಲಿಸಿದಳು.

"ಬಾ ಇಲ್ಲಿ. ಯಾರೋ ಹೊಸಬರು ಏನೋ ಕೇಳಿದಾರೆ, ತಾತ ಉತ್ತರ ಕೊಟ್ಟಿದಾರೆ."

ಅಕ್ಕ ವೇಗ ಇಳಿಸಿದಳು. ಅವಳು ಹಾಗೆ ಮಾಡಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ. ಯಂತ್ರದ ದನಿ ಬಿಡಿಬಿಡಿಯಾಗಿ ಓದಿತು: "ಆ ಭಾಗ ನನಗಿಂತ ಚೆನ್ನಾಗಿ ತಿಳಿದ ಹ್ಯಾಕರ್ ಒಬ್ಬರಿದ್ದಾರೆ. ಅವರನ್ನು ಕೇಳಿ." ಆಮೇಲೆ ನನ್ನ ಹೆಸರು.

ಅಡುಗೆಮನೆಯಿಂದ ಅಮ್ಮ ಇಣುಕಿದಳು. "ಯಾವ ಬ್ಯಾಂಕಂತೆ?"

"ಇನ್ನೊಂದ್ಸಲ ಹಾಕು ಅಕ್ಕಾ" ಎಂದೆ.

ಅಕ್ಕ ವೇಗವನ್ನು ಇನ್ನೂ ಇಳಿಸಿದಳು.