ಬಾ, ಬಾ, ಸಾಕು

ಶಾಲೆಯ ಹಳೇ ವ್ಯಾನಿನ ಹಿಂದಿನ ಸೀಟುಗಳನ್ನು ಬಿಚ್ಚಿಟ್ಟು, ಹಾಸಿಗೆ, ಸ್ಟವ್ವು, ಟೆಂಟು ತುಂಬಿಕೊಂಡು ವ್ಯಾನಪ್ಪ ಬೆಟ್ಟದ ದಾರಿ ಹಿಡಿದಿದ್ದ. ಆ ಹೆಸರು ಪಕ್ಕದಲ್ಲಿ ಕೂತಿದ್ದ ಹುಡುಗಿ ಇಟ್ಟದ್ದು. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಅವನು ಶಾಲೆಯ ಡ್ರೈವರು, ಅವಳಮ್ಮ ಅದೇ ವ್ಯಾನಿನ ಆಯಾ. ಮುಂದೆ ಆ ಅಮ್ಮನನ್ನು ಮದುವೆಯಾಗಿ ಅವನು ಅಪ್ಪನಾದ ಮೇಲೂ ಹೆಸರಿನಿಂದ ವ್ಯಾನು ಇಳಿಯಲಿಲ್ಲ.

ಈಗ ಅಮ್ಮ ಇಲ್ಲ. ಬೇಸಿಗೆಯಲ್ಲಿ ಹೋದಳು. ಬೆಟ್ಟದಾಚೆಯ ಊರಿನಲ್ಲಿ ಸೋದರಮಾವನಿದ್ದಾನೆ, ಹುಡುಗಿ ಅಲ್ಲೇ ಇರಲಿ ಎಂದು ದೊಡ್ಡವರೆಲ್ಲ ಸೇರಿ ತೀರ್ಮಾನಿಸಿದ್ದರು. ರಕ್ತಸಂಬಂಧವಿಲ್ಲದ ಗಂಡಸು ಬೆಳೆದ ಹುಡುಗಿಯನ್ನು ಹೇಗೆ ನೋಡಿಕೊಂಡಾನು ಎಂದರು. ಬೇಡ ಎನ್ನುವ ಮಾತು ವ್ಯಾನಪ್ಪನ ತುದಿನಾಲಿಗೆಗೆ ಬಂದಿತ್ತು. ಆಡುವ ಹಕ್ಕು ತನಗೆಲ್ಲಿದೆ ಎಂದು ನುಂಗಿಕೊಂಡ. ಎಲೆ ಉದುರುವ ಕಾಲದಲ್ಲಿ ಬೆಟ್ಟ ನೋಡಬೇಕೆಂದು ಅವಳಮ್ಮ ಆಸೆಪಟ್ಟಿದ್ದಳು, ದಾರಿಯಲ್ಲಿ ತಂಗಿಕೊಂಡು ಹೋಗುತ್ತೇವೆ ಎಂದಷ್ಟೇ ಕೇಳಿಕೊಂಡ.

ಬೆಟ್ಟವೇನೋ ಇತ್ತು, ನೋಡಲು ಮಂಜು ಬಿಡಬೇಕಲ್ಲ. ಕೊಳೆತ ಎಲೆಗಳ ಮೇಲೆ ಜಾರುತ್ತ ಮೇಲಿನ ಸರೋವರದವರೆಗೆ ಹತ್ತಿದರು. ಅಲ್ಲಿ ಬೂದಿಬಣ್ಣದ ನೀರು, ಸುತ್ತ ಬೋಳು ಮರಗಳು. ಇಷ್ಟಕ್ಕೇ ಇಷ್ಟು ದೂರ ಬಂದೆವಾ ಎಂದು ಹುಡುಗಿ ಕೇಳಲಿಲ್ಲ. ಕೇಳಿದ್ದರೆ ಅವನಿಗೂ ಸಮಾಧಾನವಾಗುತ್ತಿತ್ತು.

ಸಂಜೆ ರಸ್ತೆ ಪಕ್ಕ ಟೆಂಟು ಹಾಕಿ ಸೂಪು ಕಾಯಿಸಿದ. ಬಟ್ಟಲಿಗೆ ಬಗ್ಗಿಸುತ್ತಿದ್ದಾಗ ಅವಳು "ಸಾಕು" ಎಂದಳು. ಅವನ ಬಲಗಾಲು ತಟ್ಟನೆ ನೆಲ ಒತ್ತಿತು, ಸೂಪು ಹುಲ್ಲಿಗೆ ಚೆಲ್ಲಿತು.

ಆ ಮಾತು ಕೇಳಿದರೆ ಅವನ ಕಾಲು ತಾನಾಗಿ ಬ್ರೇಕು ಹುಡುಕುತ್ತದೆ. ವರ್ಷಗಟ್ಟಲೆ, ವ್ಯಾನು ಹಿಂದಕ್ಕೆ ತೆಗೆಯುವಾಗಲೆಲ್ಲ, ಅವಳಮ್ಮ ಹಿಂದೆ ನಿಂತು ತಗಡು ತಟ್ಟುತ್ತ "ಬಾ, ಬಾ, ಸಾಕು" ಎನ್ನುತ್ತಿದ್ದಳು. ಮದುವೆಯಾದ ಮೇಲೂ, ಗಂಡನೆಂದು ಬಹುವಚನ ಕೊಟ್ಟವಳಲ್ಲ. ಆಸ್ಪತ್ರೆಯಲ್ಲಿ ಮುಖದ ಮಾಸ್ಕನ್ನು ಕಷ್ಟಪಟ್ಟು ಸರಿಸಿ ಅವಳಾಡಿದ ಕೊನೆಯ ಮಾತೂ ಅದೇ, ಸಾಕು. ಇನ್ನೆರಡು ದಿನ ನೋಡೋಣ ಎಂದಿದ್ದರು ಡಾಕ್ಟರು. ವ್ಯಾನಪ್ಪ ಹೊರಗೆ ಹೋಗಿ, ಅವಳಿಗೆ ಸಾಕಾಗಿದೆಯಂತೆ, ಉಸಿರಿನ ಮಷೀನು ನಿಲ್ಲಿಸಿಬಿಡಿ ಎಂದು ಅಳುತ್ತ ಹೇಳಿದ್ದ. ಇದು ಹುಡುಗಿಗೆ ಗೊತ್ತಿರಲಿಲ್ಲ.

ಅವಳು ಬಟ್ಟಲು ಕೆಳಗಿಟ್ಟಳು. "ಅಮ್ಮನ ಮಾತು ನೀನ್ಯಾಕೆ ನಡೆಸ್ತಿಲ್ಲ?"

"ಯಾವ ಮಾತು?"

"ನನ್ನ ಕೈ ಹಿಡ್ಕೊಂಡು, ನಿನ್ನ ಮುಖ ನೋಡಿ ಹೇಳಿದ್ಲಲ್ಲ. ಸಾಕು ಅಂತ. ನನ್ನ ಸಾಕು ಅಂತ ತಾನೆ ಅಂದಿದ್ದು? ನೀನು ನೋಡಿದ್ರೆ ಮಾವನ ಮನೇಲಿ ಬಿಟ್ಟುಬರೋಕೆ ಹೊರಟಿದೀಯ."

ಆ ಪದಕ್ಕೆ ಇನ್ನೊಂದು ಅರ್ಥವಿದೆಯೆಂದು ವ್ಯಾನಪ್ಪನಿಗೆ ಹೊಳೆದೇ ಇರಲಿಲ್ಲ. ಹುಡುಗಿ ಹೇಳಿದ್ದು ನಿಜವಾದರೆ ಮಗಳು ಅವನವಳು. ನಿಜವಾದರೆ, ಸಾಕಾಗಿದೆ ಎಂದು ಹೇಳದೇ ಇದ್ದವಳ ಉಸಿರು ನಿಲ್ಲಿಸಿದವನೂ ಅವನೇ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವಂತಿರಲಿಲ್ಲ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅಮ್ಮ ಬೇಸತ್ತು ಹೇಳಿದ ಮಾತು ಕಣೇ ಅದು ಎಂದುಬಿಟ್ಟರೆ ಅವನ ಎದೆ ಹಗುರಾಗುತ್ತಿತ್ತು, ಮಗಳು ಮಾವನ ಮನೆ ಸೇರುತ್ತಿದ್ದಳು.

"ಹೌದು," ಎಂದ. "ನಿನ್ನ ಸಾಕು ಅಂತಾನೇ ಅಂದಿದ್ದು."

ಬೆಳಗ್ಗೆ ಟೆಂಟು ಮಡಚಿ, ವ್ಯಾನನ್ನು ಮನೆಯ ಕಡೆಗೆ ತಿರುಗಿಸಲು ಹೊರಟ. ಇಕ್ಕಟ್ಟು ರಸ್ತೆ, ಹಿಂದೆ ಪ್ರಪಾತ, ಕನ್ನಡಿಯಲ್ಲಿ ಬರೀ ಮಂಜು. ಹುಡುಗಿ ಕೇಳದೆಯೇ ಇಳಿದು ಹಿಂದೆ ಹೋಗಿ ನಿಂತಳು. ತಗಡು ತಟ್ಟುವ ಸದ್ದು ಬಂತು.

"ಬಾ, ಬಾ," ಎಂದಳು. ಥೇಟ್ ಅಮ್ಮನ ದನಿ. "ಸಾಕು."

ಅವನು ಬ್ರೇಕು ಒತ್ತಿದ. ಅವಳು ಬಂದು ಪಕ್ಕದಲ್ಲಿ ಕೂತು, ಹೋಗೋಣ ಎಂದ ಮೇಲೂ ಆ ಕಾಲನ್ನು ಮೇಲೆತ್ತಲು ಅವನಿಂದ ಆಗಲಿಲ್ಲ.