ಅಂಟು ಸಾಲಿನವರ ಆಸ್ಪತ್ರೆ

"ಬೆರಳ್ನ ಬಾಯಲ್ಲಿ ಇಟ್ಕೊಳ್ಳೇ ಮುಂಡೇದೆ. ಬಿಳೀ ಷೂ ಮೇಲೆ ರಕ್ತ ಹತ್ತಿದ್ರೆ ನಿಮ್ಮಪ್ಪ ಬಂದು ಕೊಂಡ್ಕೋತಾನಾ?"

ನಮ್ಮ ವಿಭಾಗದ ಮೇಸ್ತ್ರಿ, ಮಾ ಎಂಬವನು, ಹೀಗೆ ಕೂಗಿದಾಗ ಒಕ್ಬುನ್‌ಳ ತೋರುಬೆರಳಿನ ಉಗುರಿನೊಳಗೆ ಹೊಲಿಗೆ ಯಂತ್ರದ ಸೂಜಿ ಮುರಿದು ಕೂತಿತ್ತು. ಅವಳು ಬೆರಳನ್ನು ಬಾಯಿಗೆ ಇಟ್ಟುಕೊಂಡೇ ಏನೋ ಅಂದಳು. ಪಕ್ಕದ ಯಂತ್ರದಲ್ಲಿದ್ದ ನನಗೆ ಮಾತ್ರ ಅದು ಕೇಳಿಸಿತು. ಮೇಸ್ತ್ರಿಯ ತಾಯಿಗೂ ಬಂದರಿನ ಮೀನಿನ ದೋಣಿಯೊಂದಕ್ಕೂ ಸಂಬಂಧಿಸಿದ ಮಾತು ಅದು. ನಾನು ನಕ್ಕಿದ್ದಕ್ಕೆ ನನಗೂ ಬೈಗುಳ ಬಿತ್ತು.

ಬಂದರಿನ ಹಿಂದಿನ ಗುಡ್ಡದ ಬುಡದಲ್ಲಿದ್ದ ನಮ್ಮ ಷೂ ಕಾರ್ಖಾನೆಯಲ್ಲಿ ಆಗ ಎರಡು ಸಾವಿರ ಹೆಂಗಸರಿದ್ದೆವು. ನಮ್ಮ ಆಸ್ಪತ್ರೆ ಅಂದರೆ ಮೇಸ್ತ್ರಿಯ ಮೇಜಿನ ಡ್ರಾಯರು. ಅದರಲ್ಲಿ ಒಂದು ಬಾಟಲಿ ಕೆಂಪು ಔಷಧಿ, ಒಂದು ಉಂಡೆ ಹತ್ತಿ. ಬೆರಳು ಕುಯ್ದರೂ ಅದೇ, ಬಿಸಿ ಅಚ್ಚಿಗೆ ಕೈ ತಾಗಿ ಬೆಂದರೂ ಅದೇ. ಹೊಟ್ಟೆನೋವು ಅಂದವಳ ಹೊಟ್ಟೆಗೂ ಅದನ್ನೇ ಹಚ್ಚಲು ಮೇಸ್ತ್ರಿ ತಯಾರಾಗಿ ನಿಲ್ಲುತ್ತಿದ್ದ. ಹಾಗಾಗಿ ಅವನ ವಿಭಾಗದಲ್ಲಿ ಯಾರಿಗೂ ಹೊಟ್ಟೆನೋವು ಬರುತ್ತಿರಲಿಲ್ಲ.

ನಮ್ಮ ಹೊಲಿಗೆಯ ಸಾಲಿನ ಆಚೆ ಅಂಟು ಸಾಲು. ಷೂವಿನ ತಳಕ್ಕೆ ಹಳದಿ ಅಂಟು ಬಳಿಯುವ ಹನ್ನೊಂದು ಹೆಂಗಸರು ಅಲ್ಲಿದ್ದರು. ಕಿಟಕಿ ತೆರೆದರೆ ಧೂಳು ಬಂದು ಅಂಟು ಕೆಡುತ್ತದೆ ಎಂದು ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಸಂಜೆಯ ಹೊತ್ತಿಗೆ ಆ ಸಾಲಿನವರು ಕುಡಿದವರ ಹಾಗೆ ತೂರಾಡುತ್ತ, ಸುಮ್ಮಸುಮ್ಮನೆ ನಗುತ್ತ ಹೊರಗೆ ಬರುತ್ತಿದ್ದರು. ಅವರಲ್ಲಿ ಹಿರಿಯಳು ಜೊಮ್ರೆ ಅಕ್ಕ. ಗಂಡಸರು ಹೆಂಡದಂಗಡಿ ಹುಡುಕಿಕೊಂಡು ಹೋಗಬೇಕು, ನಮಗೆ ಕಂಪನಿಯೇ ಕೂರಿಸಿಕೊಂಡು ಕುಡಿಸುತ್ತದೆ ಎನ್ನುತ್ತಿದ್ದಳು. ಆ ಚಳಿಗಾಲದಲ್ಲಿ ನಡೆಯುವಾಗ ಅವಳ ಕಾಲಿನಿಂದ ಚಪ್ಪಲಿ ಜಾರಿಹೋದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಹಿಂದಿದ್ದವರು ಎತ್ತಿಕೊಂಡು ಓಡಬೇಕಿತ್ತು. ಅದೂ ನಮಗೆ ತಮಾಷೆಯೇ ಆಗಿತ್ತು.

ಎಪ್ಪತ್ತೆಂಟರ ವಸಂತದಲ್ಲಿ ರಾಜಧಾನಿ ಸಿಯೋಲಿನಿಂದ ಏನೋ ಆದೇಶ ಬಂತು. ಮ್ಯಾನೇಜರ್ ತಾಕ್ ಧ್ವನಿವರ್ಧಕದಲ್ಲಿ ಅದನ್ನು ಓದಿದ. ಇಷ್ಟು ದೊಡ್ಡ ಕಾರ್ಖಾನೆಯಲ್ಲಿ ಕಾರ್ಮಿಕರಿಗಾಗಿ ಚಿಕಿತ್ಸಾ ಕೊಠಡಿ ಇರಬೇಕು, ನರ್ಸ್ ಇರಬೇಕು, ಹತ್ತು ದಿನದಲ್ಲಿ ಕಾರ್ಮಿಕ ಕಚೇರಿಯ ತನಿಖಾಧಿಕಾರಿ ಬಂದು ನೋಡುತ್ತಾರೆ. ನಾವು ಚಪ್ಪಾಳೆ ತಟ್ಟಿದೆವು. ಯಂತ್ರ ನಿಲ್ಲಿಸಿ ಚಪ್ಪಾಳೆ ತಟ್ಟಿದ್ದಕ್ಕೆ ಮೇಸ್ತ್ರಿ ಬೈದ.

ತಿರಸ್ಕೃತವಾದ ಷೂಗಳನ್ನು ಗುಡ್ಡೆ ಹಾಕುತ್ತಿದ್ದ ಕೋಣೆಯನ್ನು ಖಾಲಿ ಮಾಡಿ, ಇಲಿಗಳನ್ನು ಓಡಿಸಿ, ಸುಣ್ಣ ಬಳಿದವರೂ ನಾವೇ. ಪೆಟ್ಟಿಗೆಗಳ ಮೇಲೆ ಅಕ್ಷರ ಬರೆಯುತ್ತಿದ್ದವನು ತೆಳು ಹಲಗೆಯ ಬಾಗಿಲಿನ ಮೇಲೆ ಹಸಿರು ಬಣ್ಣದಲ್ಲಿ ಚಿಕಿತ್ಸಾ ಕೊಠಡಿ ಎಂದು ಬರೆದ. ಆಮೇಲೆ ಲಾರಿಯಲ್ಲಿ ಒಂದೊಂದಾಗಿ ಸಾಮಾನು ಬಂದವು. ಕಬ್ಬಿಣದ ಮಂಚ, ಗಾಜಿನ ಬೀರು, ತೂಕದ ಯಂತ್ರ, ರಕ್ತದೊತ್ತಡ ನೋಡುವ ಯಂತ್ರ, ಸೂಜಿ ಕುದಿಸುವ ಡಬ್ಬಿ, ಕಣ್ಣು ಪರೀಕ್ಷೆಯ ಅಕ್ಷರಗಳ ಹಾಳೆ. ಮಂಚದ ಕಾಲಿನ ಮೇಲೆ ಬೇರೆ ಹೆಸರಿತ್ತು. ಕಂಪನಿಯ ಯಜಮಾನರ ತಮ್ಮನ ಟೈರ್ ಕಾರ್ಖಾನೆಯಿಂದ ಎರವಲು ತಂದದ್ದು. ಹಾಸಿಗೆಯ ಬಿಳಿ ಬಟ್ಟೆ ಕೊಳೆಯಾಗಬಾರದೆಂದು ತಾಕ್ ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿದ. ಕಾಯಿಲೆಯವರು ಅದರ ಮೇಲೆ ಮಲಗುವಂತಿಲ್ಲ ಎಂದು ಕಟ್ಟಪ್ಪಣೆ ಮಾಡಿದ.

ಉಳಿದದ್ದು ನರ್ಸ್. ಅದಕ್ಕೊಂದು ಬಿಳಿ ಕೋಟು ತಂದಿದ್ದರು. ಯಾರ ಅಳತೆ ನೋಡಿ ತಂದಿದ್ದರೋ, ತೊಟ್ಟವರೆಲ್ಲ ಗೋಣಿಚೀಲದೊಳಗಿನ ಮೂಲಂಗಿಯ ಹಾಗೆ ಕಾಣುತ್ತಿದ್ದರು. ತಾಕ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೂ ತೊಡಿಸಿದ. ಎಲ್ಲರಿಗಿಂತ ಎತ್ತರದವಳಾದ ಒಕ್ಬುನ್‌ಗೆ ಅದು ಸರಿಹೋಯಿತು. ಅವನು ಅವಳ ಗದ್ದ ಹಿಡಿದೆತ್ತಿ, ದನದ ಸಂತೆಯಲ್ಲಿ ನೋಡುವ ಹಾಗೆ ಹಲ್ಲು ನೋಡಿದ.

"ಹಲ್ಲು ಪರವಾಗಿಲ್ಲ. ಆದ್ರೆ ಬಾಯಿ ಜಾಸ್ತಿ ತೆರೀಬೇಡ" ಎಂದ.

ಅವಳಿಗೆ ಮೂರು ಮಾತು ಕಲಿಸಿದರು. ನಮಸ್ಕಾರ. ದಿನಕ್ಕೆ ಇಪ್ಪತ್ತು ಜನ ಬರುತ್ತಾರೆ. ಎಲ್ಲರೂ ಬೇಗ ಗುಣವಾಗುತ್ತಾರೆ. ಇಷ್ಟೇ.

ಒಕ್ಬುನ್ ಓದಿದ್ದು ಆರನೇ ತರಗತಿಯವರೆಗೆ. ಆದರೆ ಕೈಗೆ ಸಿಕ್ಕಿದ ಯಂತ್ರವನ್ನು ಬಿಚ್ಚಿ ನೋಡದೆ ಬಿಡುವವಳಲ್ಲ. ಬಸ್ಸು ನಿಲ್ಲುವಲ್ಲಿ ಔಷಧಿ ಅಂಗಡಿಯಿಟ್ಟಿದ್ದ ಮುದುಕರೊಬ್ಬರು ಯುದ್ಧದ ಕಾಲದಲ್ಲಿ ಸೈನ್ಯದ ಗಾಯಾಳುಗಳನ್ನು ನೋಡಿಕೊಂಡವರು. ದಿನಾ ಬೆಳಗ್ಗೆ ಅವರ ಹತ್ತಿರ ಹೋಗಿ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡುವುದನ್ನು ಕಲಿತಳು. ಬೀರುವಿನೊಳಗೆ ರಬ್ಬರಿನ ಪುಟ್ಟ ಸುತ್ತಿಗೆಯೊಂದಿತ್ತು. ಮಂಡಿಯ ಚಿಪ್ಪಿನ ಕೆಳಗೆ ಅದರಿಂದ ಮೆಲ್ಲಗೆ ಹೊಡೆದರೆ ಕಾಲು ತಾನಾಗಿ ಒದೆಯುತ್ತದೆ ಎಂದು ಮುದುಕರು ತೋರಿಸಿಕೊಟ್ಟರು.

ಊಟದ ಬಿಡುವಿನಲ್ಲಿ ಅದೇ ನಮಗೆ ಆಟವಾಯಿತು. ಬಾರ್ಲಿ ಅನ್ನವನ್ನು ಗಬಗಬ ನುಂಗಿ ಎಲ್ಲರೂ ಆ ಕೋಣೆಗೆ ಓಡುತ್ತಿದ್ದೆವು. ಒಕ್ಬುನ್ ಮುಖ ಗಂಟಿಕ್ಕಿಕೊಂಡು ದೊಡ್ಡ ಡಾಕ್ಟರ ಹಾಗೆ ಮಂಡಿಗೆ ಹೊಡೆಯುವಳು, ಕಾಲು ಚಿಮ್ಮುವುದು. ನನ್ನ ಚಪ್ಪಲಿ ಹಾರಿ ದೀಪಕ್ಕೆ ಬಡಿಯಿತು. ಬೈಯಲು ಬಂದ ಮೇಸ್ತ್ರಿ ಮಾ ಕೂಡ ಕೊನೆಗೆ ಪ್ಯಾಂಟು ಮೇಲಕ್ಕೆಳೆದುಕೊಂಡು ಕೂತ. ಅವನ ಕಾಲು ಎಗರಿದ ರೀತಿಗೆ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಮರುದಿನ ಜೊಮ್ರೆ ಅಕ್ಕ ತನ್ನ ಸಾಲಿನವರನ್ನು ಕರೆದುಕೊಂಡು ಬಂದಳು. ಒಕ್ಬುನ್ ಅವಳ ಮಂಡಿಗೆ ಹೊಡೆದಳು. ಕಾಲು ಅಲ್ಲಾಡಲಿಲ್ಲ.

"ನೆಟ್ಟಗೆ ಹೊಡಿಯೇ. ಅನ್ನ ತಿಂದಿಲ್ವಾ?"

ಮತ್ತೆ ಹೊಡೆದಳು. ಇನ್ನೊಂದು ಮಂಡಿಗೂ ಹೊಡೆದಳು. ಜೊಮ್ರೆ ಅಕ್ಕನ ಕಾಲುಗಳು ಒಣಹಾಕಿದ ಮೀನಿನ ಹಾಗೆ ಸುಮ್ಮನೆ ಜೋತುಬಿದ್ದಿದ್ದವು. ನಾವು ಅದಕ್ಕೂ ನಕ್ಕೆವು. ಅಕ್ಕನ ಕಾಲಿಗೂ ಮೇಸ್ತ್ರಿಯ ಭಯವಿಲ್ಲ ಎಂದು ಯಾರೋ ಅಂದರು. ಎರಡನೆಯವಳು ಕೂತಳು, ಅವಳ ಕಾಲೂ ಎಗರಲಿಲ್ಲ. ಮೂರನೆಯವಳದೂ ಇಲ್ಲ. ಐದನೆಯವಳ ಹೊತ್ತಿಗೆ ಯಾರೂ ನಗುತ್ತಿರಲಿಲ್ಲ. ಹನ್ನೊಂದು ಜನರಲ್ಲಿ ಕಾಲು ಎಗರಿದ್ದು ಇಬ್ಬರಿಗೆ ಮಾತ್ರ. ಅವರಿಬ್ಬರೂ ಅಂಟು ಸಾಲಿಗೆ ಸೇರಿ ಒಂದು ತಿಂಗಳೂ ಆಗಿರಲಿಲ್ಲ.

ಒಕ್ಬುನ್ ಹೋಗಿ ಔಷಧಿ ಅಂಗಡಿಯ ಮುದುಕರಿಗೆ ಇದನ್ನು ಹೇಳಿದಳು. ಅವರು, ಅಂಟಿನ ಆವಿ ನರಕ್ಕೆ ಇಳಿದಿದೆ, ಅವರನ್ನು ಮೊದಲು ಅಲ್ಲಿಂದ ಎಬ್ಬಿಸಿ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದರಂತೆ. ಒಕ್ಬುನ್ ಬಿಳಿ ಕೋಟಿನಲ್ಲೇ ನೇರ ಮ್ಯಾನೇಜರನ ಕೋಣೆಗೆ ಹೋಗಿ ಅದನ್ನೇ ಹೇಳಿದಳು. ಕಿಟಕಿಯ ಮೊಳೆಗಳನ್ನಾದರೂ ಕೀಳಿಸಿ ಎಂದು ಬೇಡಿದಳು.

ತಾಕ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಏನೇ, ನೀನು ನಿಜವಾದ ನರ್ಸು ಅನ್ಕೊಂಡ್ಬಿಟ್ಯಾ?"

ವಾಪಸ್ಸು ಬಂದಾಗ ಅವಳ ಕಿವಿಗಳು ಕೆಂಪಾಗಿದ್ದವು. ಆ ಸಂಜೆ ಜೊಮ್ರೆ ಅಕ್ಕನೂ ಅವಳೂ ತುಂಬಾ ಹೊತ್ತು ಗುಸುಗುಸು ಮಾತಾಡಿದರು. ನಡುನಡುವೆ ಇಬ್ಬರೂ ನಗುತ್ತಿದ್ದರು.

ತನಿಖಾಧಿಕಾರಿಯ ಹೆಸರು ಪ್ಯೊ. ದುಂಡು ಮುಖದ, ಮೆತ್ತಗೆ ಮಾತಾಡುವ ಮನುಷ್ಯ. ತಾಕ್ ಅವರನ್ನು ಕೊಠಡಿಗೆ ಕರೆತಂದಾಗ ರೋಗಿಯ ಪಾತ್ರಕ್ಕೆಂದು ಮೇಸ್ತ್ರಿ ಮಾ ತೋಳು ಮಡಿಸಿಕೊಂಡು ತಯಾರಾಗಿ ಕೂತಿದ್ದ. ಒಕ್ಬುನ್ ಅವನ ರಕ್ತದೊತ್ತಡ ನೋಡಿದಳು, ಕಲಿಸಿದ ಮೂರು ಮಾತನ್ನೂ ತಪ್ಪಿಲ್ಲದೆ ಹೇಳಿದಳು. ತಾಕ್ ನೆಮ್ಮದಿಯಿಂದ ಉಸಿರು ಬಿಟ್ಟ. ಆಗ ಅವಳು ನಾಲ್ಕನೆಯ ಮಾತಾಡಿದಳು.

"ಸಾಹೇಬ್ರೆ, ಇನ್ನೊಂದು ಪರೀಕ್ಸೆ ಬಾಕಿ ಐತೆ."

ಬಾಗಿಲು ತೆರೆದಳು. ಹೊರಗೆ ಅಂಟು ಸಾಲಿನ ಹನ್ನೊಂದು ಜನ ಸಾಲಾಗಿ ನಿಂತಿದ್ದರು. ಜೊಮ್ರೆ ಅಕ್ಕ ಒಳಗೆ ಬಂದವಳೇ ಮಂಚದ ಪ್ಲಾಸ್ಟಿಕ್ಕನ್ನು ಪರ್ರನೆ ಹರಿದು ಕೂತಳು. ಒಬ್ಬೊಬ್ಬರಾಗಿ ಕೂತರು, ಒಬ್ಬೊಬ್ಬರ ಮಂಡಿಗೂ ಒಕ್ಬುನ್ ಹೊಡೆದು ತೋರಿಸಿದಳು. ಅದೆಲ್ಲ ಮುಗಿದ ಮೇಲೆ, ಸರಿಯಾದ ಕಾಲು ಹೇಗಿರುತ್ತದೆ ಎಂದು ನೋಡಬೇಕಲ್ಲ, ತಾವೂ ಕೂರಬೇಕು ಎಂದು ಪ್ಯೊ ಅವರನ್ನು ಮರ್ಯಾದೆಯಿಂದಲೇ ಕೇಳಿಕೊಂಡಳು. ಅವರು ಗಲಿಬಿಲಿಯಲ್ಲಿ ಕೂತೂಬಿಟ್ಟರು. ಸುತ್ತಿಗೆ ಬಿತ್ತು. ತನಿಖಾಧಿಕಾರಿಯ ಬೂಟುಗಾಲು ಎಗರಿ ಎದುರಿಗೆ ನಿಂತಿದ್ದ ಮ್ಯಾನೇಜರನ ಮೊಣಕಾಲಿಗೆ ಸರಿಯಾಗಿ ಬಡಿಯಿತು.

"ನೋಡುದ್ರಾ, ಸರ್ಕಾರ ಗಟ್ಟಿಮುಟ್ಟಾಗೈತೆ" ಎಂದಳು ಜೊಮ್ರೆ ಅಕ್ಕ. ಹೊರಗೆ ಕಿವಿಗೊಟ್ಟು ನಿಂತಿದ್ದ ನಾವು ಬಾಯಿಗೆ ಬಟ್ಟೆ ತುರುಕಿಕೊಂಡೆವು.

ಪ್ಯೊ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಪುಸ್ತಕದಲ್ಲಿ ಏನೋ ಬರೆದುಕೊಂಡರು. ಹೆಂಗಸರು ದಣಿದಿದ್ದಾರೆ, ಹಾಲು ಕುಡಿಸಿ ಎಂದು ತಾಕ್‌ಗೆ ಹೇಳಿ, ಅವನ ಜೊತೆ ಹಸಿಮೀನಿನ ಊಟಕ್ಕೆ ಬಂದರಿನ ಕಡೆ ಹೋದರು. ಚಿಕಿತ್ಸಾ ಕೊಠಡಿ ಸಮರ್ಪಕವಾಗಿದೆ, ನರ್ಸ್ ಚುರುಕಾಗಿದ್ದಾರೆ ಎಂದು ವರದಿ ಬಂತು. ಅದನ್ನೂ ಧ್ವನಿವರ್ಧಕದಲ್ಲಿ ಓದಿದರು.

ಅದರ ಮರುದಿನ ಲಾರಿ ಬಂದು ಮಂಚ, ಬೀರು, ಯಂತ್ರಗಳನ್ನೆಲ್ಲ ಹೇರಿಕೊಂಡು ಹೋಯಿತು. ಕಣ್ಣು ಪರೀಕ್ಷೆಯ ಹಾಳೆಯನ್ನೂ ಗೋಡೆಯಿಂದ ಕಿತ್ತರು. ಒಕ್ಬುನ್‌ಳ ಕೋಟು ಬಿಚ್ಚಿಸಿಕೊಂಡು, ಕೈಗೊಂದು ಕಾಗದ ಕೊಟ್ಟು ಹೊರಗೆ ಕಳಿಸಿದರು. ನರ್ಸ್ ಅಲ್ಲದೆ ನರ್ಸ್ ವೇಷ ಹಾಕಿ ಸರ್ಕಾರಿ ಅಧಿಕಾರಿಯನ್ನು ವಂಚಿಸಿದ್ದಕ್ಕಾಗಿ ಕೆಲಸದಿಂದ ವಜಾ ಎಂದು ಅದರಲ್ಲಿ ಬರೆದಿತ್ತು. ಅವಳು ಅದನ್ನು ಗೇಟಿನ ಹತ್ತಿರ ನಿಂತು ನಮಗೆಲ್ಲ ಜೋರಾಗಿ ಓದಿ ಹೇಳಿದಳು. ಅಳು ಬರುತ್ತಿತ್ತೋ ನಗು ಬರುತ್ತಿತ್ತೋ, ಅವಳಿಗೇ ಗೊತ್ತಿದ್ದಂತಿರಲಿಲ್ಲ. ಆಮೇಲೆ ದಿನಾ ಬೆಳಗ್ಗೆಯೇ ಅದೇ ಗೇಟಿನ ಹೊರಗೆ ಬಂದು ಕೂರುತ್ತಿದ್ದಳು. ಮಧ್ಯಾಹ್ನ ನಮ್ಮ ಅನ್ನದಲ್ಲಿ ಅವಳಿಗೊಂದು ಪಾಲು ಒಯ್ಯುತ್ತಿದ್ದೆವು.

ನಾಲ್ಕನೆಯ ದಿನ ಬೆಳಗ್ಗೆ ಜೊಮ್ರೆ ಅಕ್ಕ ಅಂಟಿನ ಡಬ್ಬಿ ಎತ್ತಿಕೊಳ್ಳಲು ಎದ್ದವಳು ಹಾಗೇ ಕುಸಿದಳು. ಎಚ್ಚರವಾಗಿಯೇ ಇದ್ದಳು, ಮಾತೂ ಆಡುತ್ತಿದ್ದಳು, ಆದರೆ ಕಾಲು ಮಾತು ಕೇಳಲಿಲ್ಲ. ಮಲಗಿಸಲು ಜಾಗ ಕೇಳಿದರೆ ನೆಲವಿಲ್ಲವೇ ಎಂದ ಮೇಸ್ತ್ರಿ. ಆಸ್ಪತ್ರೆಗೆ ಕಾರು ಕೇಳಿದರೆ ಅದು ಗಿರಾಕಿಗಳಿಗೆ ಎಂದ ತಾಕ್. ಬಿದ್ದವಳ ನೆಪ ಹೇಳಿ ಎದ್ದವರೆಲ್ಲ ಒಕ್ಬುನ್‌ಳ ದಾರಿ ಹಿಡಿಯಬೇಕಾಗುತ್ತದೆ ಎಂದೂ ಸೇರಿಸಿದ.

ನನ್ನ ಕಣ್ಣು ಚಿಕಿತ್ಸಾ ಕೊಠಡಿಯ ಮೇಲೆ ಬಿತ್ತು. ಬೀಗ ಹಾಕಿತ್ತು. ಒಳಗೆ ಏನೂ ಇರಲಿಲ್ಲ, ಆದರೆ ಬಾಗಿಲು ಇತ್ತಲ್ಲ. ಹೊಲಿಗೆಯ ಯಂತ್ರ ಬಿಗಿ ಮಾಡಲು ನಮ್ಮ ಜೇಬಿನಲ್ಲಿ ಸದಾ ತಿರುಪುಳಿ ಇರುತ್ತಿತ್ತು. ನಾನು ಹೋಗಿ ಕೀಲಿನ ಸ್ಕ್ರೂ ಬಿಚ್ಚತೊಡಗಿದೆ. ನಾನು ಮೇಲಿನ ಕೀಲು ಬಿಚ್ಚುವಷ್ಟರಲ್ಲಿ ಇನ್ಯಾರೋ ಕೆಳಗಿನದನ್ನು ಬಿಚ್ಚಿಯಾಗಿತ್ತು. ಮೇಸ್ತ್ರಿ ಬಂದು ತಲೆಕೂದಲು ಹಿಡಿದೆಳೆದ. ಆದರೆ ಒಂದು ಕೈಯಲ್ಲಿ ಎಷ್ಟು ಜನರ ಕೂದಲು ಹಿಡಿದಾನು? ಬಾಗಿಲು ಬೀಗದ ಸಮೇತ ಕಿತ್ತು ಬಂತು. ಜೊಮ್ರೆ ಅಕ್ಕನನ್ನು ಅದರ ಮೇಲೆ ಮಲಗಿಸಿ ನಾಲ್ವರು ಹೆಗಲು ಕೊಟ್ಟೆವು. ಹಿಂದಿನಿಂದ ಅಂಟು ಸಾಲಿನವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಬಂದರು.

ಮುಂದಿನ ದೊಡ್ಡ ಗೇಟು ಕಾರುಗಳಿಗೆ ಮಾತ್ರ ಎಂದು ಕಾವಲುಗಾರ ಅಡ್ಡ ಬಂದ.

"ನಾನೂ ಗಾಡೀಲೇ ವೋಯ್ತಾ ಇವ್ನಿ ಕಣಯ್ಯ, ತೆಗಿ" ಎಂದಳು ಮೇಲಿನಿಂದ ಜೊಮ್ರೆ ಅಕ್ಕ. ಅವನು ಗೇಟು ತೆಗೆದೇಬಿಟ್ಟ. ಹೊರಗೆ ಒಕ್ಬುನ್ ಎದ್ದು ಬಂದು ನನ್ನ ಮೂಲೆಗೆ ಹೆಗಲು ಕೊಟ್ಟಳು.

ಹೆಂಗಸರು ಗುಂಪಾಗಿ ರಸ್ತೆಗಿಳಿದರೆ ಪೊಲೀಸರು ಲಾಠಿ ಹಿಡಿದು ಬರುತ್ತಿದ್ದ ಕಾಲ ಅದು. ನಾಲ್ಕು ರಸ್ತೆ ಕೂಡುವಲ್ಲಿ ಒಬ್ಬ ಸೀಟಿ ಊದಿ ನಿಲ್ಲಿಸಿ, ಇದೆಂಥ ಮೆರವಣಿಗೆ ಎಂದು ಗದರಿದ.

"ಮೆರವಣಿಗೆ ಅಲ್ಲ ಸಾಮಿ, ಆಸ್ಪತ್ರೆ. ಓದಕ್ಕೆ ಬರಲ್ವಾ?" ಎಂದು ಜೊಮ್ರೆ ಅಕ್ಕ ತನ್ನ ಪಕ್ಕದ ಹಸಿರು ಅಕ್ಷರಗಳನ್ನು ತೋರಿಸಿದಳು. ಅವನು ಓದಿದ. ಸೀಟಿ ಬಾಯಲ್ಲೇ ಇತ್ತು. ನಾವು ಅಷ್ಟರಲ್ಲಿ ದಾಟಿದೆವು.

ದೊಡ್ಡ ಆಸ್ಪತ್ರೆಯ ನೋಂದಣಿ ಕಿಟಕಿಯ ಹಿಂದೆ ಕೂತಿದ್ದವನು ಕಾರ್ಖಾನೆಯ ಚಿಕಿತ್ಸಾ ಕೊಠಡಿಯಿಂದ ಚೀಟಿ ಬರೆಸಿಕೊಂಡು ಬನ್ನಿ ಎಂದ. ಕೊಠಡಿಯನ್ನೇ ಹೊತ್ತು ತಂದಿದ್ದೇವೆ, ಬೇಕಾದಷ್ಟು ಬರೆದುಕೊಳ್ಳಿ ಎಂದಳು ಒಕ್ಬುನ್. ಅವನು ಕಿಟಕಿ ಮುಚ್ಚಿದ. ಜೊಮ್ರೆ ಅಕ್ಕನಿಗೆ ಆಗ ಮೊದಲ ಸಲ ಬೆವರಿತು. ಮನೆಗೆ ಹೋಗೋಣವೇ ಎಂದು ಕೇಳಿದೆ. ಅವಳು, ಕೊಠಡಿ ಸಮರ್ಪಕವಾಗಿದೆ ಎಂದು ಬರೆದವರ ಹತ್ತಿರವೇ ನಡೆಯಿರಿ ಎಂದಳು.

ಕಾರ್ಮಿಕ ಕಚೇರಿಯವರೆಲ್ಲ ಊಟಕ್ಕೆ ಹೋಗಿದ್ದರು. ಬಾಗಿಲನ್ನು ಮೆಟ್ಟಿಲ ಮೇಲಿನ ಜಗುಲಿಯಲ್ಲಿ ಇಳಿಸಿದೆವು. ಈ ಗೋಡೆಯಿಂದ ಆ ಗೋಡೆಗೆ ಅಡ್ಡಲಾಗಿ ಅಚ್ಚುಕಟ್ಟಾಗಿ ಕೂತಿತು, ಕಚೇರಿಯೊಳಗೆ ಹೋಗುವವರು ಅದನ್ನು ದಾಟಿಯೇ ಹೋಗಬೇಕು. ಯಾರೋ ಬಿಸಿ ಗೆಣಸು ತಂದರು. ಜೊಮ್ರೆ ಅಕ್ಕ ಮೊಣಕೈ ಊರಿ ಸಿಪ್ಪೆ ಸುಲಿದು ತಿಂದಳು. ನಾವು ಮೆಟ್ಟಿಲ ತುಂಬ ಕೂತೆವು.

ಒಂದು ಗಂಟೆಗೆ ಪ್ಯೊ ಹಲ್ಲಿಗೆ ಕಡ್ಡಿ ಹಾಕುತ್ತ ಬಂದರು. ಹಿಂದೆ ಗುಮಾಸ್ತರ ಹಿಂಡು. ಅವರು ನಮ್ಮನ್ನು ನೋಡಿದರು, ಬಾಗಿಲನ್ನು ನೋಡಿದರು, ಹಸಿರು ಅಕ್ಷರಗಳನ್ನು ನೋಡಿದರು. ಆಮೇಲೆ ಏನೂ ಕಾಣದವರಂತೆ ಅವಳನ್ನು ದಾಟಲು ಕಾಲೆತ್ತಿದರು.

"ಕಳ್ಳನ ಹಂಗೆ ಯಾಕೆ ದಾಟೀರಿ ಸಾಹೇಬ್ರೆ" ಎಂದಳು ಜೊಮ್ರೆ ಅಕ್ಕ, ಬಾಯಲ್ಲಿ ಗೆಣಸಿಟ್ಟುಕೊಂಡೇ. "ಒಳಗಡೆ ಹೆಂಗಸ್ರವ್ರೆ. ಬಾಗ್ಲು ತಟ್ಟಿ."

ಎತ್ತಿದ ಕಾಲು ಹಾಗೇ ನಿಂತಿತು. ಹಿಂದೆ ಒಬ್ಬ ಗುಮಾಸ್ತ ಕಿಸಕ್ಕೆಂದ. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ನೋಡತೊಡಗಿದರು. ಪ್ಯೊ ಕಾಲು ಕೆಳಗಿಟ್ಟರು. ಅವರ ಮುಖದಲ್ಲಿ ಏನೇನೋ ಬಂದು ಹೋದವು. ಕೊನೆಗೆ ಸೊಂಟ ಬಗ್ಗಿಸಿ, ಅವಳ ಅಲ್ಲಾಡದ ಪಾದಗಳ ಪಕ್ಕದಲ್ಲಿ, ಹಲಗೆಯ ಮೇಲೆ ಎರಡು ಸಲ ತಟ್ಟಿದರು.

ಜೊಮ್ರೆ ಅಕ್ಕ ಗೆಣಸು ನುಂಗಿದಳು, ಕೈ ಒರೆಸಿಕೊಂಡಳು.

"ಯಾರು?" ಎಂದು ಕೇಳಿದಳು.